ಮೂರನೇ ಮಹಡಿಯ ಮೇಲೆ, ನಾಲ್ಕರ ಕೆಳಗೆ

ಆ ಮನೆತನದ ಗಂಡಸರ ಬಾಯಲ್ಲಿ 'ತಪ್ಪಾಯ್ತು' ಎಂಬ ಮಾತಿಗೆ ಜಾಗವನ್ನೇ ಇಟ್ಟಿರಲಿಲ್ಲ. ತಾತ ಒಮ್ಮೆ ತಪ್ಪು ಬಸ್ಸು ಹತ್ತಿದ. ಅದನ್ನು ಒಪ್ಪಿಕೊಳ್ಳಲಾಗದೆ, ಇಳಿದ ಊರಿನಲ್ಲೇ ಮದುವೆಯಾಗಿ ಸಂಸಾರ ಹೂಡಿದ. ವಂಶ ಬೆಳೆದದ್ದೇ ಹಾಗೆ.

ಅಪ್ಪ, ಮಗ ಇಬ್ಬರೂ ಲಿಫ್ಟ್ ರಿಪೇರಿಯವರು. ಬ್ರೇಕಿನ ಬೋಲ್ಟು ಸಡಿಲ ಬಿಟ್ಟದ್ದು ಅಪ್ಪ. ಲಿಫ್ಟು ಜಾರಿ ಒಬ್ಬಾಕೆಯ ಕಾಲು ಮುರಿದಾಗ ಅವನು ಬೆರಳು ತೋರಿಸಿದ್ದು ಮಗನ ಕಡೆ. ಮಗನ ಲೈಸೆನ್ಸು ಹೋಯಿತು. ಅಂದಿನಿಂದ ಅವನಿಗೆ ಅಪ್ಪನ ಚೀಲ ಹೊರುವ ಕೆಲಸ.

ಒಂದು ಮಧ್ಯಾಹ್ನ ಅಪ್ಪನೇ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡ. ಬಾಗಿಲು ತೆರೆಯುವ ಕೀಲಿ ಹೊರಗೆ, ಮಗನ ಕೈಯಲ್ಲಿ.

"ಬೋಲ್ಟ್ ಬಿಟ್ಟಿದ್ದು ನೀನೇ ಅಂತ ಈ ಜನರ ಮುಂದೆ ಒಂದ್ಸಲ ಹೇಳಪ್ಪ, ತೆಗೀತೀನಿ."

"ಹೇಳಲ್ಲ ಕಣೋ."

ಮೆಟ್ಟಿಲ ಮೇಲೆ ಇನ್ನಷ್ಟು ಜನ ಸೇರಿದರು. ಯಾರೋ ಫೈರ್ ಸರ್ವಿಸ್‌ಗೆ ಫೋನ್ ಮಾಡಹೋದರೆ ಒಳಗಿನಿಂದಲೇ ಗದರಿಕೆ ಬಂತು: "ಫೋನ್ ಮುಟ್ಟಿದ್ರೆ ಕೈ ಮುರೀತೀನಿ! ಇದು ನಮ್ಮನೆ ವಿಷಯ."

ಅಮ್ಮ ಎದೆನೋವಿನ ಮಾತ್ರೆ ಹಿಡಿದು ಓಡಿಬಂದಳು. "ನಿನ್ನ ಕಾಲಿಗೆ ಬೀಳ್ತೀನಿ, ತೆಗಿಯೋ. ಅವರಿಗೆ ಉಸಿರು ಕಟ್ಟುತ್ತೆ."

ಮಗ ಕರಗಿದ. ಬಾಗಿಲು ತೆರೆದು ಕೈ ಚಾಚಿದ. ಅಪ್ಪ ಬೆವರು ಒರೆಸಿಕೊಂಡನೇ ಹೊರತು ಕೈ ಹಿಡಿಯಲಿಲ್ಲ. ಮಾತ್ರೆಯನ್ನೂ ಆಚೆ ತಳ್ಳಿದ.

"ಇಷ್ಟೇನಾ ನಿನ್ನ ಹಠ? ಇದು ನಮ್ಮ ರಕ್ತ ಅಲ್ಲ ಬಿಡು." ಹೆಂಡತಿಯತ್ತ ತಿರುಗಿದ. "ಯಾರಿಗೆ ಹುಟ್ಟಿಸ್ಕೊಂಡ್ಯೇ ಇವನನ್ನ?"

ಮೆಟ್ಟಿಲ ಮೇಲೆ ಯಾರೋ ಕಿಸಕ್ಕೆಂದರು. ಅಮ್ಮ ತಲೆ ತಗ್ಗಿಸಿದಳು. ಮಗ ಬಾಗಿಲು ಎಳೆದು ಕೀಲಿ ತಿರುಗಿಸಿದ.

"ಹಾಂ!" ಒಳಗಿನ ದನಿ ಹಿಗ್ಗಿತು. "ಈಗ ನೋಡ್ರಪ್ಪ, ಇವನು ನನ್ನ ಮಗ!"

ಸ್ವಲ್ಪ ಹೊತ್ತು ಕೆಮ್ಮು ಕೇಳಿಸಿತು. ಆಮೇಲೆ ಅದೂ ಇಲ್ಲ. ಅಮ್ಮ ಕೀಲಿ ಕಿತ್ತುಕೊಂಡು ತೆರೆಯುವಷ್ಟರಲ್ಲಿ ಅಪ್ಪ ಗೋಡೆಗೊರಗಿ ಕೂತಿದ್ದ. ಮುಖದ ತುಂಬ ಮಗನ ಬಗ್ಗೆ ಅಭಿಮಾನ. ಜೀವ ಮಾತ್ರ ಇರಲಿಲ್ಲ.

ಜನ ಒಬ್ಬೊಬ್ಬರಾಗಿ ಮೆಟ್ಟಿಲಿಳಿದರು. ಮಗನ ಲೈಸೆನ್ಸು ವಾಪಸ್ ಕೊಡಿಸಬಹುದಾಗಿದ್ದ ಒಂದೇ ಒಂದು ಬಾಯಿ ಮುಚ್ಚಿಹೋಗಿತ್ತು.

"ಅವರ ಕೈಲಿ ಆಗ್ಲಿಲ್ಲ," ಎಂದಳು ಅಮ್ಮ. "ನೀನಾದ್ರೂ ತಪ್ಪಾಯ್ತು ಅನ್ನೋ. ನನಗೋಸ್ಕರ."

ಮಗ ಬಾಯಿ ತೆರೆದ. ಗಂಟಲು ಆಡಿತು, ನಾಲಿಗೆಯೂ ಹೊರಳಿತು.

"ಮಾತ್ರೆ ಸ್ವಲ್ಪ ಬೇಗ ತರೋಕೆ ಏನಾಗಿತ್ತಮ್ಮ ನಿನಗೆ?" ಎಂದ.