ಫೇಲಾಗದ ಪರೀಕ್ಷೆ

ನಮ್ಮ ಕಾಲೇಜಿನ ಕಟ್ಟಡ ಮೊದಲು ಸೂಪರ್‌ಮಾರ್ಕೆಟ್ ಆಗಿತ್ತು. ಮಾಂಸ ಕತ್ತರಿಸಿ ತೂಗಿ ಕೊಡುತ್ತಿದ್ದ ಮೂಲೆಯಲ್ಲಿ ಈಗ ಗಾರ್ಲಂಡ್ ಟೀಗ್ ಕೂರುತ್ತಾನೆ. ಕೆಲಸದಲ್ಲೇನೂ ದೊಡ್ಡ ಬದಲಾವಣೆ ಆಗಿಲ್ಲ. ಓದಲು ಬಂದವರನ್ನು ಮೇಲಿಂದ ಕೆಳಗೆ ನೋಡಿ, ತೂಗಿ, ನಿಮಗೆ ಈ ಕೋರ್ಸು, ಈ ತರಗತಿ ಎಂದು ಹೇಳಿ ಸಾಗಹಾಕುವುದು ಅವನ ಉದ್ಯೋಗ. ಬಾಗಿಲಿಗೆ ‘ಹಿರಿಯ ಶೈಕ್ಷಣಿಕ ಸಲಹೆಗಾರ’ ಎಂಬ ಹಿತ್ತಾಳೆ ಫಲಕ. ಅದನ್ನು ತಾನೇ ಮಾಡಿಸಿಕೊಂಡದ್ದು.

ಅವನ ಕೋಣೆಯ ಗೋಡೆ ಚಾವಣಿಯವರೆಗೆ ಮುಟ್ಟುವುದಿಲ್ಲ. ಒಳಗೆ ಆಡಿದ್ದೆಲ್ಲ ಹೊರಗೆ ಬರುತ್ತದೆ. ಇದು ಎಲ್ಲರಿಗೂ ಗೊತ್ತು, ಅವನೊಬ್ಬನನ್ನು ಬಿಟ್ಟು. ತನ್ನ ದನಿಯನ್ನು ಅಷ್ಟು ಇಷ್ಟಪಡುವವನಿಗೆ ಅದು ಎಲ್ಲೆಲ್ಲಿಗೆ ಹೋಗುತ್ತದೆ ಎಂಬ ಚಿಂತೆ ಯಾಕೆ ಬಂದೀತು?

ಅವನ ಕೋಣೆಯ ಹೊರಗಿನ ಮೇಜು ನನ್ನದು. ಬಂದವರ ಹೆಸರು ಬರೆದುಕೊಳ್ಳಬೇಕು, ಕುರ್ಚಿ ತೋರಿಸಬೇಕು, ಪೆನ್ಸಿಲ್ ಕೊಡಬೇಕು. ಸಲಹೆ ಮಾತ್ರ ಕೊಡಕೂಡದು. ಹಿಂದೊಮ್ಮೆ ಒಬ್ಬ ಲಾರಿ ಡ್ರೈವರ್‌ಗೆ ‘ಭಿನ್ನರಾಶಿ ಸ್ವಲ್ಪ ನೋಡ್ಕೊಂಡು ನಾಳೆ ಬನ್ನಿ’ ಎಂದದ್ದಕ್ಕೆ ಟೀಗ್ ಡೀನ್ ತನಕ ಹೋದ. ಡೀನಮ್ಮ ನನ್ನನ್ನು ಕರೆಸಿ, “ವರ್ಲೀನ್, ಇನ್ನೊಂದು ಸಲ ಹೀಗಾದ್ರೆ ನೀವು ಬೇರೆ ಕಡೆ ಕೆಲಸ ನೋಡ್ಕೋಬೇಕಾಗುತ್ತೆ,” ಎಂದಳು, ಕೈಯಲ್ಲಿದ್ದ ಡೋನಟ್ ಕೆಳಗಿಡದೆ.

ಸೇರಲು ಬಂದವರು ಮೊದಲು ಕಂಪ್ಯೂಟರ್ ಮುಂದೆ ಕೂತು ಗಣಿತದ ಒಂದು ಪರೀಕ್ಷೆ ಬರೆಯಬೇಕು. ಯಾರು ಯಾವ ತರಗತಿಗೆ ಎಂದು ಅದರಿಂದಲೇ ತೀರ್ಮಾನ. ಅದಕ್ಕೆ ಮುಂಚೆ ಟೀಗ್ ಎಲ್ಲರಿಗೂ ಒಂದೇ ಪಾಠ ಒಪ್ಪಿಸುತ್ತಾನೆ: “ಇದು ಪರೀಕ್ಷೆನೇ ಅಲ್ಲ. ಇದ್ರಲ್ಲಿ ಪಾಸಿಲ್ಲ, ಫೇಲಿಲ್ಲ. ಆರಾಮಾಗಿ ಒತ್ತುತ್ತಾ ಹೋಗಿ.” ಜನ ನಂಬುತ್ತಾರೆ. ಒತ್ತುತ್ತಾ ಹೋಗುತ್ತಾರೆ. ಕಾಫಿ ಆರುವುದರೊಳಗೆ ಎದ್ದು, ‘ಅಡಿಪಾಯ ಗಣಿತ’ ಎಂಬ ಬಾವಿಗೆ ಬೀಳುತ್ತಾರೆ. ಅದು ಪದವಿಯ ಲೆಕ್ಕಕ್ಕೆ ಬರದ ತರಗತಿ. ಅದಾದ ಮೇಲೆ ಅಂಥದ್ದೇ ಇನ್ನೊಂದು. ಅದು ಮುಗಿಯುವುದರೊಳಗೆ ಹೆಚ್ಚಿನವರು ಕಾಣೆಯಾಗಿರುತ್ತಾರೆ. “ಛಲ ಸಾಲ್ದು ಇವ್ರಿಗೆ,” ಎನ್ನುತ್ತಾನೆ ಟೀಗ್.

ಆಗಸ್ಟಿನಲ್ಲಿ ಟಿಯೊಡೋರಾ ಆರ್ಚುಲೆಟಾ ಬಂದಳು. ಆಸ್ಪತ್ರೆಯ ಲಾಂಡ್ರಿಯವಳು, ನಲವತ್ತರ ಹತ್ತಿರದ ಹೆಂಗಸು. ಬಂದವಳೇ ನನ್ನ ಮೇಜಿನ ಮೇಲೆ ಎರಡೂ ಕೈ ಊರಿದಳು.

“ಮುಂದಿನ ಬೇಸಿಗೇಲಿ ನಮ್ಮ ಲಾಂಡ್ರಿ ಮುಚ್ತಾರೆ, ಅಮ್ಮಾ. ಅಷ್ಟರೊಳಗೆ ನರ್ಸಿಂಗ್ ಸೇರಿದವ್ರನ್ನ ವಾರ್ಡಿಗೆ ತಗೋತಾರಂತೆ. ಉಳಿದವ್ರು ಮನೆಗೆ. ನರ್ಸಿಂಗಿಗೆ ಈ ವರ್ಷವೇ ಬೀಜಗಣಿತ ಮುಗಿದಿರ್ಬೇಕಂತಲ್ಲ?”

“ಹೌದು,” ಎಂದೆ. ಅಡಿಪಾಯಕ್ಕೆ ಬಿದ್ದರೆ ಈ ವರ್ಷ ಅದು ಮುಗಿಯುವ ಮಾತೇ ಇಲ್ಲ. ಅಷ್ಟನ್ನು ಹೇಳುವ ಹಾಗಿಲ್ಲ.

ಟೀಗ್ ಹೊರಬಂದು ಅವಳ ಸಮವಸ್ತ್ರ ನೋಡಿದ. ತೂಕ ಅಲ್ಲಿಗೇ ಮುಗಿಯಿತು.

“ಟಿಯೊ... ಅಬ್ಬಾ, ಉದ್ದ ಆಯ್ತು! ಟೆಡ್ಡಿ ಅನ್ಲಾ?”

“ನನ್ನ ಹೆಸರು ಟಿಯೊಡೋರಾ, ಸರ್.”

“ಚೆನ್ನಾಗಿದೆ, ಟೆಡ್ಡಿ! ನರ್ಸಿಂಗೇ ಯಾಕೆ? ಹಿರಿಯರನ್ನ ನೋಡ್ಕೊಳ್ಳೋ ಸರ್ಟಿಫಿಕೇಟ್ ಇದೆ, ಕೇಕ್ ಮಾಡೋದಿದೆ. ನಿಮ್ಮಂಥವ್ರು ಅದ್ರಲ್ಲಿ ಖುಷಿಯಾಗಿರ್ತಾರೆ.”

“ನಾನು ಮಾಡಿದ ಕೇಕು ನಮ್ಮನೆ ನಾಯಿನೂ ಮೂಸಲ್ಲ. ನರ್ಸಿಂಗೇ.”

ಅವನು ನಕ್ಕು ತನ್ನ ಪಾಠ ಒಪ್ಪಿಸಿದ. ಪರೀಕ್ಷೆ ಅಲ್ಲ, ಪಾಸಿಲ್ಲ, ಫೇಲಿಲ್ಲ. ಅವಳ ಭುಜ ಸಡಿಲವಾದದ್ದನ್ನು ನೋಡಿದೆ. ಸೀದಾ ಹೋಗಿ ಒತ್ತುವವಳೇ.

ಅಷ್ಟರಲ್ಲಿ ಟೀಗನ ಮಗಳು ಬ್ರಿನ್ ಬಂದಳು. ಎರಡು ವರ್ಷ ನಮ್ಮಲ್ಲಿ ಓದಿ ವಿಶ್ವವಿದ್ಯಾಲಯಕ್ಕೆ ಹೋಗುವ ಹುಡುಗಿ. ಅವಳದೂ ಅವತ್ತೇ ಪರೀಕ್ಷೆ. ಅಪ್ಪ ಒಳಗೆ ಕರೆದುಕೊಂಡು ಬಾಗಿಲು ಹಾಕಿದ.

“ಪರೀಕ್ಷೆಯ ಕೋಡ್ ಎಲ್ಲಿಟ್ನೋ, ಹುಡುಕ್ತೀನಿ,” ಎಂದೆ ಟಿಯೊಡೋರಾಗೆ. “ಅಲ್ಲಿ ಗೋಡೆ ಪಕ್ಕ ಕೂತಿರಿ.” ಕೋಡ್ ನನ್ನ ಕಾಫಿ ಲೋಟದ ಅಡಿಯಲ್ಲೇ ಇತ್ತು.

ಗೋಡೆಯ ಮೇಲಿಂದ ಟೀಗನ ದನಿ ಇಳಿದು ಬಂತು. “ಬ್ರಿನ್, ಮೊದಲ ನಾಲ್ಕೈದು ಪ್ರಶ್ನೆನೇ ಪ್ರಾಣ ಕಣಮ್ಮಾ. ಅಲ್ಲಿ ಎಡವಿದ್ರೆ ಯಂತ್ರ ನಿನ್ನ ದಡ್ಡಿ ಅಂದ್ಕೊಂಡ್ಬಿಡುತ್ತೆ, ಮೇಲೆ ಏರೋಕೇ ಬಿಡಲ್ಲ. ಒಂದೊಂದನ್ನೂ ಕಾಗದದ ಮೇಲೆ ಮಾಡು. ಇಡೀ ದಿನ ತಗೊಂಡ್ರೂ ಯಾರೂ ಎಬ್ಬಿಸಲ್ಲ. ಬೇಸಿಗೆಯೆಲ್ಲ ಅಡುಗೆಮನೇಲಿ ಕೂರಿಸಿ ಹೇಳಿಕೊಟ್ಟಿದ್ದು ಸುಮ್ನೆ ಅಲ್ಲ.”

“ಮತ್ತೆ ಆಚೆ ಎಲ್ಲರಿಗೂ ಪರೀಕ್ಷೆನೇ ಅಲ್ಲ ಅಂತೀಯಲ್ಲಪ್ಪ?”

“ಅದು ಅವ್ರಿಗೆ. ಸುಮ್ನೆ ಗಾಬರಿ ಯಾಕೆ ಅಂತ. ನೀನು ಅವ್ರ ಥರ ಅಲ್ಲ.”

ಟಿಯೊಡೋರಾ ಗೋಡೆಯನ್ನೇ ನೋಡುತ್ತಾ ಕೂತಿದ್ದಳು. ಆಮೇಲೆ ಎದ್ದು ನನ್ನ ಹತ್ತಿರ ಬಂದಳು.

“ಇವತ್ತು ಬೇಡ. ಇದಕ್ಕೆ ಕೊನೇ ದಿನ ಯಾವ್ದು?”

“ಇಪ್ಪತ್ತೆರಡು,” ಎಂದೆ. ಅದು ಸಲಹೆ ಅಲ್ಲ, ತಾರೀಖು.

“ಅವ್ನ ಗೋಡೆಗೆ ದೇವರು ಒಳ್ಳೇದು ಮಾಡ್ಲಿ,” ಎಂದು ಹೊರಟಳು.

ಇಪ್ಪತ್ತೆರಡಕ್ಕೆ ಬೆಳಿಗ್ಗೆ ಬಾಗಿಲು ತೆಗೆಯುವಾಗಲೇ ಬಂದು ನಿಂತಿದ್ದಳು. ಕೈಯಲ್ಲಿ ಕಾಗದದಲ್ಲಿ ಸುತ್ತಿದ ಹಸಿಮೆಣಸಿನ ಬುರಿಟೊ ರೊಟ್ಟಿ, ಕಿವಿಯ ಹಿಂದೆ ಪೆನ್ಸಿಲ್, ಕಣ್ಣ ಕೆಳಗೆ ಕಪ್ಪು. ಅಕ್ಕನ ಮಗಳ ಪುಸ್ತಕ ಇಟ್ಟುಕೊಂಡು, ಹಾಸಿಗೆ ಬಟ್ಟೆಯ ರಾಶಿಯ ಮೇಲೆ ಕೂತು ಓದಿದಳಂತೆ.

ಮಧ್ಯಾಹ್ನ ಟೀಗ್ ಆ ಕಡೆ ಹಾದುಹೋದ. “ಟೆಡ್ಡಿ! ಇನ್ನೂ ಮುಗೀಲಿಲ್ವಾ? ಒತ್ತುತ್ತಾ ಹೋಗಿ ಅಂದಿದ್ನಲ್ಲ!”

“ಹಾಸಿಗೆ ಬಟ್ಟೆ ಮಡಚೋದ್ರಲ್ಲೂ ನಾನು ನಿಧಾನ, ಸರ್,” ಎಂದಳು, ತಲೆ ಎತ್ತದೆ. “ಆದ್ರೆ ಮೂಲೆಗೆ ಮೂಲೆ ಕೂರುತ್ತೆ.”

ಸಂಜೆ ನಾನು ದೀಪ ಆರಿಸುವ ಮುಂಚೆ ಎದ್ದಳು. ಪರದೆಯ ಮೇಲೆ ಬಂದಿತ್ತು: ಬೀಜಗಣಿತ, ನೇರವಾಗಿ. ಟೀಗ್ ಬಗ್ಗಿ ನೋಡಿದ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ.

“ಎಲ್ಲೋ ತಪ್ಪಾಗಿರ್ಬೇಕು. ನಿಮ್ಮ ಒಳ್ಳೇದಕ್ಕೇ ಹೇಳ್ತೀನಿ, ಇನ್ನೊಂದ್ಸಲ ಮಾಡಿಬಿಡೋಣ.”

“ಪಾಸೂ ಇಲ್ಲ, ಫೇಲೂ ಇಲ್ಲ ಅಂದ್ಮೇಲೆ ತಪ್ಪು ಎಲ್ಲಿಂದ ಬಂತು ಸರ್?”

ಟೀಗ್ ನನ್ನ ಕಡೆ ತಿರುಗಿದ. “ವರ್ಲೀನ್, ಇವ್ರಿಗೆ ಯಾರು ಏನು ಹೇಳಿದ್ರು?”

“ನೀವೇ ಹೇಳಿದ್ದಲ್ವಾ ಸರ್?” ಎಂದೆ. “ಸಲಹೆ ಕೊಡೋರು ಇಲ್ಲಿ ನೀವೊಬ್ರೇ.”

ಅವನಿಗೆ ಅರ್ಥವಾಗಲಿಲ್ಲ. ಅರ್ಥವಾಗುವ ಜಾತಿಯವನೂ ಅಲ್ಲ. ಅವನ ಮಗಳೂ ಅದೇ ತರಗತಿಗೆ ಬಂದಳು. ಅದು ಮಾತ್ರ ಅವನಿಗೆ ತಪ್ಪು ಎನಿಸಲಿಲ್ಲ.

ಮೇ ತಿಂಗಳಲ್ಲಿ ನರ್ಸಿಂಗ್ ಪಟ್ಟಿ ಬಂತು. ಟಿಯೊಡೋರಾಳ ಹೆಸರು ಇತ್ತು, ಪೂರ್ತಿ ಹೆಸರು. ಕಾಲೇಜಿನ ಪತ್ರಿಕೆಗೆ ಫೋಟೊ ಬೇಕೆಂದು ಡೀನ್ ಕಚೇರಿಯವರು ಕ್ಯಾಮೆರಾ ಹಿಡಿದು ಬಂದರು. ಶೀರ್ಷಿಕೆ ಆಗಲೇ ತಯಾರಿತ್ತು: ‘ಸರಿಯಾದ ಸಲಹೆ ಬದುಕನ್ನೇ ಬದಲಿಸಿತು’. ಟೀಗ್ ಟೈ ಸರಿಮಾಡಿಕೊಂಡು ಫಲಕದ ಪಕ್ಕ ನಿಂತ. ಅವಳ ಭುಜದ ಮೇಲೆ ಕೈ ಇಟ್ಟ. ಅವಳು ಆ ಕೈಯನ್ನು, ಬಟ್ಟೆಯ ಮೇಲೆ ಬಿದ್ದ ದಾರದ ಎಳೆಯನ್ನು ತೆಗೆದ ಹಾಗೆ, ಎತ್ತಿ ಪಕ್ಕಕ್ಕಿಟ್ಟಳು.

“ಸ್ವಲ್ಪ ನಗಿ, ಟೆಡ್ಡಿ,” ಎಂದ ಟೀಗ್.

“ನಗಲೇಬೇಕಾ ಸರ್? ಇದೂ ಪರೀಕ್ಷೆ ಅಲ್ಲ ತಾನೆ?”

ಅವಳು ನಗಲಿಲ್ಲ. ಫೋಟೊದಲ್ಲಿ ನಗುತ್ತಿರುವವನು ಅವನೊಬ್ಬನೇ. ಈಗ ಅದನ್ನು ಚೌಕಟ್ಟು ಹಾಕಿಸಿ ಅದೇ ಕುಳ್ಳ ಗೋಡೆಗೆ ತೂಗುಹಾಕಿದ್ದಾನೆ. ಹೊಸಬರು ಬಂದಾಗ ನಾನು ಅದರ ಕೆಳಗಿನ ಕುರ್ಚಿಯನ್ನೇ ತೋರಿಸುತ್ತೇನೆ. ಅಲ್ಲಿ ಎಲ್ಲ ಚೆನ್ನಾಗಿ ಕೇಳಿಸುತ್ತದೆ. ಟೀಗನಿಗೆ ಇನ್ನೊಬ್ಬ ಮಗಳಿದ್ದಾಳೆ, ಈ ಆಗಸ್ಟಿನಲ್ಲಿ ಅವಳ ಸರದಿ.