ಬೆಚ್ಚಗಿನ ತುತ್ತು

"ಬಾಯಿ ಬಿಡು ಮಹಾರಾಯ," ಎನ್ನುತ್ತ ಅವನು ಗಿಳಿಮರಿಯ ಕೊಕ್ಕಿನ ಪಕ್ಕಕ್ಕೆ ಸಿರಿಂಜಿನ ತುದಿ ತಾಗಿಸಿದ. ಮರಿ ಕತ್ತನ್ನು ಹಿಂದಕ್ಕೆ ಎಳೆದುಕೊಂಡಿತು. ಅರ್ಧಂಬರ್ಧ ಪುಕ್ಕ, ಮೈಗಿಂತ ದೊಡ್ಡ ತಲೆ. ಹಳೆಯ ಟವೆಲ್ಲಿನಲ್ಲಿ ಸುತ್ತಿ ಎದೆಗೆ ಅವಚಿ ಹಿಡಿದಿದ್ದ. ಒಂದು ಗುಟುಕು ಹೇಗೋ ಒಳಗೆ ಹೋಯಿತು. ಮುಂದಿನದಕ್ಕೆ ಅದು ತಲೆ ಕೊಡವಿ, ಹಿಟ್ಟನ್ನೆಲ್ಲ ಅವನ ಅಂಗಿಗೆ ಚೆಲ್ಲಿ, ಕಿರ್ರೆಂದು ಕಿರುಚಿತು.

ಮಂಚದಲ್ಲಿ ದಿಂಬಿಗೆ ಒರಗಿ ಕೂತಿದ್ದ ಹೆಂಡತಿ ಎಡಗೈಯಿಂದ ಮಂಚದ ಕಂಬಿಯನ್ನು ಪಟಪಟನೆ ಬಡಿದಳು. "ಅ... ಅ..." ಎಂದಳು. ಲಕ್ವ ಹೊಡೆದ ಮೇಲೆ ಅವಳಲ್ಲಿ ಉಳಿದ ಮಾತು ಅದೊಂದೇ.

"ನೋಡಿದ್ಯಾ? ನಿನ್ನ ಹಾಗೇ ಹಟಮಾರಿ ಇದು," ಎಂದು ಅವನು ನಕ್ಕ. ಎಷ್ಟೋ ದಿನದ ಮೇಲೆ ಅವಳು ಯಾವುದಕ್ಕೋ ಮೈಯೆಲ್ಲ ಕಣ್ಣಾಗಿ ಕೂತಿದ್ದಳು. ಗಿಳಿ ತಂದದ್ದು ಸಾರ್ಥಕವಾಯಿತು ಎನ್ನಿಸಿ ಅವನ ಹೊಟ್ಟೆ ತಣ್ಣಗಾಯಿತು. ಅವಳು ಇನ್ನೂ ಜೋರಾಗಿ ಬಡಿದಳು.

ಬೇಕರಿಯವರು ಅವನಿಗೆ ಇಟ್ಟ ಹೆಸರು ಇಕ್ಕಳ. ಹರೆಯದಿಂದ ಭಟ್ಟಿಯ ಮುಂದೆಯೇ ನಿಂತವನು. ಉಳಿದವರು ಗೋಣಿಬಟ್ಟೆ ಸುತ್ತಿಕೊಂಡು ಬ್ರೆಡ್ಡಿನ ಟ್ರೇ ಎಳೆದರೆ ಇವನು ಬರಿಗೈ ಹಾಕುತ್ತಿದ್ದ. ಬೆರಳ ತುದಿಗಳು ಸುಟ್ಟು, ಗಡುಸಾಗಿ, ಮತ್ತೆ ಸುಟ್ಟು, ಈಗ ನಯವಾಗಿ ಹೊಳೆಯುತ್ತಿದ್ದವು. ಹೊಸಬರು ಯಾರಾದರೂ ಟ್ರೇ ಹಿಡಿಯಲು ಕೈಗೆ ಏನಾದರೂ ಕೊಡಿ ಎಂದು ಕೇಳಿದರೆ ಮಾಲೀಕ, "ಇಷ್ಟು ದೊಡ್ಡ ಇಕ್ಕಳ ನಿಂತಿದೆ, ಕಾಣಿಸಲ್ವಾ?" ಎನ್ನುತ್ತಿದ್ದ. ಆ ಮಾತಿಗೆ ಇವನು ಒಳಗೊಳಗೇ ಉಬ್ಬುತ್ತಿದ್ದ. ಜಂಬ ಪಡುವುದಕ್ಕೆ ಅವನ ಬಳಿ ಬೇರೇನೂ ಇರಲಿಲ್ಲ.

ಹೆಂಡತಿ ಬಿದ್ದ ಮೇಲೆ ಅಡುಗೆಯೂ ಇವನದೇ, ಉಣಿಸುವುದೂ ಇವನದೇ. ನುಣ್ಣಗೆ ಬೇಯಿಸಿದ ಗಂಜಿ ಬಿಟ್ಟರೆ ಬೇರೇನೂ ಅವಳ ಗಂಟಲಲ್ಲಿ ಇಳಿಯುವ ಹಾಗಿರಲಿಲ್ಲ. ಗಂಡನ ಕೈಯಿಂದ ಅದೂ ಇಳಿಯುತ್ತಿರಲಿಲ್ಲ. ಚಮಚ ಹತ್ತಿರ ಬಂದರೆ ಹಲ್ಲು ಕಚ್ಚುವಳು, ಮುಖ ತಿರುಗಿಸುವಳು, ನೆಟ್ಟಗಿದ್ದ ಒಂದು ಕೈಯಿಂದ ಬಟ್ಟಲನ್ನೇ ತಳ್ಳುವಳು. ಅವನು ಆ ಕೈಯನ್ನು ತನ್ನ ಮಂಡಿಯ ಕೆಳಗೆ ಒತ್ತಿ ಹಿಡಿದು, ಗಲ್ಲ ಹಿಡಿದು ಉಣಿಸುವನು. ಆಸ್ಪತ್ರೆಯವರು ಹೇಳಿಯೇ ಬಿಟ್ಟಿದ್ದರು: ಹೀಗೇ ತೂಕ ಇಳಿದರೆ ಮೂಗಿನಿಂದ ನಳಿಕೆ ಹಾಕಬೇಕು, ಆಮೇಲೆ ರೋಗಿ ಬಾಯಿಂದ ಉಣ್ಣುವುದನ್ನೇ ಮರೆಯಬಹುದು. ಹೆಂಡತಿ ಕಣ್ಣೆದುರೇ ಕರಗುತ್ತಿದ್ದಳು.

ಹೊಟ್ಟೆ ಉರಿಸಿದ್ದು ಇನ್ನೊಂದು. ಮಧ್ಯಾಹ್ನ ಅವಳ ತಂಗಿ ಬಂದು, ಅವನು ಬೆಳಿಗ್ಗೆ ಮಾಡಿಟ್ಟು ಹೋದ ಅದೇ ಗಂಜಿಯನ್ನು ಕೊಟ್ಟರೆ ಹೆಂಡತಿ ಗುಟುಕು ಗುಟುಕಾಗಿ ಕುಡಿಯುತ್ತಿದ್ದಳು.

"ನಿಮ್ಮ ಮೇಲೆ ಏನೋ ಸಿಟ್ಟು ಭಾವ," ಎಂದು ನಾದಿನಿ ನಕ್ಕಿದ್ದಳು. "ಇಷ್ಟು ವರ್ಷ ಭಟ್ಟಿ ಜೊತೆ ಸಂಸಾರ ಮಾಡಿದ್ರಲ್ಲ, ಈಗ ಸೇಡು ತೀರಿಸ್ಕೊಳ್ತಿದ್ದಾಳೆ."

ಅವಳು ತಮಾಷೆಗೆ ಅಂದದ್ದು. ಇವನಿಗೆ ನಾಟಿತು. ಸಿಟ್ಟಿಗೆ ಕಾರಣ ಹುಡುಕುತ್ತ ಕೂತವನಿಗೆ ಗಿಳಿ ನೆನಪಾಯಿತು. ಮದುವೆಯಾದ ಹೊಸದರಲ್ಲಿ ಒಂದು ಗಿಳಿ ಸಾಕೋಣ ಎಂದು ಅವಳು ಗೋಗರೆದಿದ್ದಳು; ಮನೆಯೆಲ್ಲ ಹೊಲಸಾಗುತ್ತದೆ ಎಂದು ಇವನು ಬಾಯಿ ಮುಚ್ಚಿಸಿದ್ದ. ಅದು ನೆನಪಾದ ಮರುದಿನವೇ ಪಕ್ಷಿ ಅಂಗಡಿಗೆ ಹೋಗಿ, ತಾಯಿ ಬಿಟ್ಟ ಮರಿಯೊಂದನ್ನು ತಂದ. ಅವಳ ಮಂಚದ ಪಕ್ಕದಲ್ಲೇ ರಟ್ಟಿನ ಪೆಟ್ಟಿಗೆ, ಅದರೊಳಗೆ ಮರದ ಹೊಟ್ಟು, ಮೇಲೊಂದು ಸಣ್ಣ ಬಲ್ಬು.

ಅಂಗಡಿಯವನು ಮರಿಗೆ ಕಲಸಿ ಕುಡಿಸುವ ಪುಡಿಯ ಡಬ್ಬಿ ಕೊಡುತ್ತ ಹೇಳಿದ್ದ: "ಬೆರಳು ಅದ್ದಿ ನೋಡಿ ಸಾರ್. ಬೆಚ್ಚಗೆ ಅನ್ನಿಸ್ಬೇಕು. ತಣ್ಣಗಿದ್ರೆ ಹೊಟ್ಟೇಲೇ ಕೂತು ಹಳಸುತ್ತೆ, ಮರಿ ಉಳಿಯಲ್ಲ."

ಇಕ್ಕಳ ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿದ. ಹಿಟ್ಟು ಕಲಸುವನು, ಬೆರಳು ಅದ್ದುವನು. ತಣ್ಣೀರು ಮುಟ್ಟಿದ ಹಾಗಿರುತ್ತಿತ್ತು. ಮತ್ತೆ ಒಲೆಗೆ ಇಡುವನು, ಮತ್ತೆ ಅದ್ದುವನು. ಬೆರಳಿಗೆ ಬೆಚ್ಚಗೆ ತಾಕುವವರೆಗೂ ಬಿಡುತ್ತಿರಲಿಲ್ಲ.

ವಾರ ತುಂಬುವ ಮೊದಲೇ ಮರಿ ಕಣ್ಣು ಮುಚ್ಚಿ ತೂಕಡಿಸತೊಡಗಿತು. ಕತ್ತಿನ ಬುಡದಲ್ಲಿ ಹಿಟ್ಟು ತುಂಬಿಕೊಳ್ಳುವ ಚೀಲದ ಮೇಲೆ ಚರ್ಮ ಕಪ್ಪಾಗಿ, ತೂತು ಬಿದ್ದು, ಕುಡಿಸಿದ್ದೆಲ್ಲ ಅಲ್ಲಿಂದಲೇ ಒಸರುತ್ತಿತ್ತು. ಅವನು ಅದನ್ನು ಬನ್ನಿನ ಡಬ್ಬದಲ್ಲಿ ಮಲಗಿಸಿಕೊಂಡು ಪಕ್ಷಿ ವೈದ್ಯೆಯ ಬಳಿ ಓಡಿದ. ಆಕೆ ಮರಿಯನ್ನು ದೀಪದ ಕೆಳಗೆ ಹಿಡಿದು ನೋಡಿದಳು.

"ಒಳಗಿಂದ ಸುಟ್ಟಿದೆ. ಏನು ಕುಡಿಸಿದ್ರಿ?"

"ಪುಡಿ ಹಿಟ್ಟು ಮೇಡಂ. ಪ್ರತಿ ಸಲಾನೂ ಬೆರಳಿಟ್ಟು ನೋಡೇ ಕೊಟ್ಟಿದ್ದು."

ಆಕೆ ಮೂಲೆಯಲ್ಲಿದ್ದ ಕೆಟಲ್ ತೋರಿಸಿದಳು. "ಮನೇಲಿ ಹೇಗೆ ಮಾಡ್ತೀರೋ ಹಾಗೇ ಮಾಡಿ, ನೋಡೋಣ."

ಅವನು ಹಿಟ್ಟು ಕಲಸಿ, ಬೆರಳು ಅದ್ದಿ, ಇನ್ನಷ್ಟು ಬಿಸಿನೀರು ಹಾಕಿ, ಮತ್ತೆ ಅದ್ದಿದ. "ಈಗ ಸರಿ ಇದೆ," ಎಂದ. ವೈದ್ಯೆ ತನ್ನ ಬೆರಳು ಇಟ್ಟವಳು ತಟಕ್ಕನೆ ಹಿಂದಕ್ಕೆ ಎಳೆದುಕೊಂಡಳು. ಅವಳ ಬೆರಳು ಕೆಂಪಾಗಿತ್ತು. ಆಕೆ ಅವನ ಕೈಯನ್ನು ಹಿಡಿದು, ಅಂಗೈ ಮೇಲೆ ಮಾಡಿ, ಬೆರಳ ತುದಿಗಳನ್ನು ಒಂದೊಂದಾಗಿ ಒತ್ತಿ ನೋಡಿದಳು.

"ಏನು ಕೆಲಸ ನಿಮ್ಮದು?"

"ಬೇಕರೀಲಿ. ಭಟ್ಟಿ ಹತ್ರ."

ಆಕೆ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇದು ಉಳಿಯೋದಿಲ್ಲ," ಎಂದಳು. "ನರಳೋದು ಬೇಡ, ಇಂಜೆಕ್ಷನ್ ಕೊಟ್ಟು ನಾನೇ ಮಲಗಿಸ್ತೀನಿ. ಮನೇಲಿ ಚಿಕ್ಕ ಮಕ್ಕಳು ಇದ್ದಾರಾ? ನೀವು ಉಣಿಸೋ ಅಂಥೋರು?"

"ಮಕ್ಕಳಿಲ್ಲ," ಎಂದ ಅವನು. ಖಾಲಿ ಡಬ್ಬವನ್ನು ಅಲ್ಲೇ ಬಿಟ್ಟು ಹೊರಗೆ ಬಂದ.

ದಾರಿಯುದ್ದಕ್ಕೂ ಅವನಿಗೆ ಕಂಡದ್ದು ಒಂದೇ, ತನ್ನ ಮಂಡಿಯ ಕೆಳಗೆ ಒದ್ದಾಡುತ್ತಿದ್ದ ಹೆಂಡತಿಯ ಕೈ.

ಮನೆಯಲ್ಲಿ ನಾದಿನಿ ಹೊರಡಲು ಅಣಿಯಾಗಿದ್ದಳು. "ಗಿಳಿ ಎಲ್ಲಿ ಭಾವ?" ಎಂದಳು. ಅವನು ತಲೆ ಅಲ್ಲಾಡಿಸಿದ. ಅವಳು ಹೋದ ಮೇಲೆ ಗಂಜಿ ಮಾಡಿದ. ಬಟ್ಟಲಿಗೆ ಸುರಿದು ಕಿಟಕಿಯಲ್ಲಿಟ್ಟು ಮುಂದೆ ಕೂತ. ಬೆರಳು ಅದ್ದಲಿಲ್ಲ. ತನ್ನ ಕೈಯನ್ನು ತಾನೇ ನಂಬದವನು ಇನ್ನೇನನ್ನು ನೋಡಿ ತಿಳಿಯಬೇಕು? ಆವಿ ನಿಂತಿತು. ಮೇಲೆ ಕೆನೆ ಕಟ್ಟಿತು. ಆದರೂ ಕೂತೇ ಇದ್ದ. ಕಿಟಕಿಯ ಬೆಳಕು ಮಸುಕಾದ ಮೇಲೆ ಎದ್ದು ಒಳಗೆ ಹೋದ.

ಹೆಜ್ಜೆ ಸಪ್ಪಳಕ್ಕೆ ಹೆಂಡತಿ ಇತ್ತ ತಿರುಗಿದಳು. ಬಟ್ಟಲು ಕಂಡಳು. ಇವತ್ತು ಹಲ್ಲು ಕಚ್ಚಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ಎಡಗೈಯಿಂದ ಮಂಚದ ಕಂಬಿಯನ್ನು ಬಿಗಿಯಾಗಿ ಹಿಡಿದು, ಕಣ್ಣು ಗಟ್ಟಿಯಾಗಿ ಮುಚ್ಚಿ, ತಾನೇ ಬಾಯಿ ತೆರೆದಳು.

ಅವನು ದೀಪ ಹಾಕಿ ಆ ಬಾಯೊಳಗೆ ನೋಡಿದ. ನಾಲಿಗೆಯ ಮೇಲೆ, ಅಂಗುಳದಲ್ಲಿ, ಬೆಳ್ಳಗೆ ಸುಲಿದ ಪಟ್ಟೆಗಳು.

ಚಮಚ ಕೆಳಗಿಟ್ಟ. ಕಂಬಿ ಹಿಡಿದಿದ್ದ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅವಳ ಕೈಯನ್ನು ಬಟ್ಟಲಿನ ಮೇಲೆ ತಂದ. ಅವಳು ಕೈಯನ್ನು ಹಿಂದಕ್ಕೆ ಎಳೆಯುತ್ತಿದ್ದಳು.

"ನೀನೇ ನೋಡು," ಎಂದ. "ನನಗೆ ಗೊತ್ತಾಗಲ್ಲ ಕಣೇ."

ಅವಳ ಬೆರಳು ಗಂಜಿಗೆ ತಾಗಿತು. ಅವಳು ಕಣ್ಣು ಬಿಟ್ಟು ಬಟ್ಟಲನ್ನು ನೋಡಿದಳು. ಆಮೇಲೆ ಅವನನ್ನು ನೋಡಿದಳು. ಬೆರಳನ್ನು ಮಾತ್ರ ಹೊರಗೆ ತೆಗೆಯದೆ ಹಾಗೇ ಇಟ್ಟುಕೊಂಡು ಕೂತಳು.