ಕತ್ತಲೆ ಕೋಣೆಯ ಕೂಗು

ಜಮಖಂಡಿಯ ಆ ಸಭಾಂಗಣದ ಬಾಗಿಲಲ್ಲಿ ಚಪ್ಪಲಿ ಬಿಟ್ಟವರು ಸಾಬಣ್ಣ, ಸೋಮವ್ವ ಇಬ್ಬರೇ. ಉಳಿದವರೆಲ್ಲ ಬೂಟು ಟಪಟಪ ಅನ್ನಿಸುತ್ತ ಒಳಗೆ ಓಡಾಡುತ್ತಿದ್ದರು. ಒಳಗಿದ್ದುದು ದೇವರೇನೂ ಅಲ್ಲ, ಅವರ ಮಗ ಮಾಳು ಮಾಡಿಟ್ಟು ಹೋದ ಕಲಾಕೃತಿಗಳು. ಮುಧೋಳ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರಿಗೆ ಬೈಕು ಬಡಿದು ಅವನು ಸತ್ತು ವರ್ಷವಾಗುತ್ತ ಬಂದಿತ್ತು. ಗೆಳೆಯ ಪ್ರೇಮಕುಮಾರ ಊರೂರು ಅಲೆದು ಈ ಪ್ರದರ್ಶನ ಏರ್ಪಡಿಸಿ, ಅವರ ಊರು ತುಬಚಿಗೆ ಹೋಗಿ ಇಬ್ಬರನ್ನೂ ಕರೆತಂದಿದ್ದ.

ಸಾಬಣ್ಣ ಇಂಥದ್ದಕ್ಕೆ ಬರುವ ಆಸಾಮಿಯೇ ಅಲ್ಲ. ಕುರಿ ಕಾಯುವ ಮನೆತನದಲ್ಲಿ ಹುಟ್ಟಿ ಚಿತ್ರ ಕಲಿಯುತ್ತೇನೆಂದ ಮಗನಿಗೆ, "ಹೋದ್ರ ಹೋಗು, ನನ್ನ ಮುಂದ ಬಾಯಿ ತೆರೀಬ್ಯಾಡ" ಅಂದಿದ್ದ. ಅಂದದ್ದನ್ನು ವರ್ಷಗಟ್ಟಲೆ ನಡೆಸಿಯೂ ಬಿಟ್ಟ. ಮಗ ಬಂದರೂ ಮಾತಿಲ್ಲ, ಹೋದರೂ ಮಾತಿಲ್ಲ. ಕೊನೆಗೆ ಮಾತಾಡಬೇಕು ಅನ್ನಿಸಿದಾಗ ಮಗನೇ ಇರಲಿಲ್ಲ. ತನ್ನ ಮೇಲೆ ಸಿಟ್ಟಿಟ್ಟುಕೊಂಡೇ ಸತ್ತನೇನೋ ಎಂಬ ಹುಳ ಅವನ ಎದೆ ಕೊರೆಯುತ್ತಿದ್ದುದು ಸೋಮವ್ವನಿಗೆ ಗೊತ್ತಿತ್ತು. ಮಗ ಮಾಡಿದ್ದರಲ್ಲಿ ಎಲ್ಲಾದರೂ ತಾನಿದ್ದೇನೆಯೇ ಎಂದು ನೋಡಲಿಕ್ಕೇ ಅವನು ಬಂದದ್ದು.

ಮೊದಲು ಕಂಡದ್ದು ಗೋಡೆಯಷ್ಟಗಲದ ಬಿಳಿ ಕ್ಯಾನ್ವಾಸು. ಮೂಲೆಯಲ್ಲೊಂದು ಕರಿ ಮಚ್ಚೆ, ಅಷ್ಟೇ.

"ಪಾಪ, ಇದನ್ನ ಮುಗಸಾಕ ಆಗಿಲ್ಲ ನೋಡು ಅವಂಗ" ಅಂದ ಸಾಬಣ್ಣ.

"ಇಲ್ಲ ಕಾಕಾ, ಇದು ಮುಗದದ್ದ ಐತಿ. ಇದು ಇರೋದ ಇಷ್ಟ" ಅಂದ ಪ್ರೇಮಕುಮಾರ.

ಸೋಮವ್ವ ನಂಬಲಿಲ್ಲ. ಅಷ್ಟೊಂದು ಬಿಳಿ ಜಾಗ ಉಳಿದಿರುವಾಗ ಮುಗಿದದ್ದು ಹೇಗೆ ಎಂದು ಅವಳ ಕರುಳು ಕೇಳುತ್ತಿತ್ತು.

ಮುಂದೆ ತಂತಿಯ ಪಂಜರದೊಳಗೆ ಕುರಿಯ ಉಣ್ಣೆ ತುರುಕಿಟ್ಟಿದ್ದರು. ಅವಳು ಬಗ್ಗಿ ಮೂಸಿದಳು. ಸೋಪಿನ ವಾಸನೆ! ಪಿತ್ತ ನೆತ್ತಿಗೇರಿತು. "ಯಾರೋ ಇದನ್ನ ತೊಳದವರು?"

"ಮಾಳೂನ ತೊಳದಾನ್ರಿ, ಕಾಕು. ನನ್ನ ಮೈಯಾಗಿನ ವಾಸನಿನೂ ಹಿಂಗ ಹೋತು ಅಂತಿದ್ದ."

ಸಾಬಣ್ಣನ ಮುಖ ಇಳಿದುಹೋಯಿತು. ಆದರೂ ಒಂದೊಂದರ ಮುಂದೆಯೂ ನಿಂತು, "ಇದ್ರಾಗ ನಾ ಅದೀನೇನೋ ತಮ್ಮಾ?" ಎಂದು ಕೇಳಿಯೇ ಕೇಳಿದ. ಕೊನೆಗೆ ಪ್ರೇಮಕುಮಾರ ತುದಿಯ ಕೋಣೆಗೆ ಹಾಕಿದ್ದ ಕರಿ ಪರದೆ ಸರಿಸಿ, "ಇಲ್ಲಿ ನೀವಿಬ್ಬರ ಹೋಗ್ರಿ" ಅಂದ.

ಒಳಗೆ ಚಿತ್ರವಿಲ್ಲ, ಬೆಳಕಿಲ್ಲ. ಏನು ನೋಡುವುದಿಲ್ಲಿ ಎಂದು ಸೋಮವ್ವ ಗೊಣಗುವಷ್ಟರಲ್ಲಿ ಸ್ಪೀಕರಿನಿಂದ ಕೂಗು ಬಂತು: "ಹುರ್ರ್ರ್ರ್... ಹೋಯ್... ಬಾ ಬಾ ಬಾ!" ಸಂಜೆ ಕುರಿಗಳನ್ನು ಹಟ್ಟಿಗೆ ಕರೆಯುವ ಕೂಗು. ಸಾಬಣ್ಣ ಅದನ್ನು ಮಗನಿಗೆ ಹಾಲುಹಲ್ಲಿನ ವಯಸ್ಸಿನಲ್ಲೇ ಕಲಿಸಿದ್ದ.

ಅವನು ಹೆಂಡತಿಯ ಮಣಿಕಟ್ಟು ಗಟ್ಟಿಯಾಗಿ ಹಿಡಿದ. "ಸೋಮೀ, ಮಾಳೂನ ದನಿ! ಖರೆನ ಮಾಳು ಕೂಗಾಕತ್ತಾನ!"

ಕೂಗು ನಿಂತು, ಮತ್ತೆ ಬಂತು. ಪರದೆಯ ಸಂದಿಯ ಬೆಳಕಿನಲ್ಲಿ ಗಂಡನ ಮುಖ ಕಂಡಿತು. ಕಣ್ಣೀರು ಇಳಿಯುತ್ತಿತ್ತು, ಆದರೆ ಅವನು ನಗುತ್ತಿದ್ದ. ಮಗ ಸತ್ತ ಮೇಲೆ ನಕ್ಕದ್ದು ಇದೇ ಮೊದಲು.

ಸೋಮವ್ವನಿಗೆ ಮೊದಲ ಸಲಕ್ಕೇ ಗೊತ್ತಾಗಿತ್ತು. ಆ ಕೂಗು ಕೇಳಿಯೇ ಅವಳು ಸಂಜೆ ಹಂಚಿನ ಮೇಲೆ ರೊಟ್ಟಿ ಹಾಕುತ್ತ ಬಾಳಿದವಳು. ಕೂಗಿನ ಕೊನೆಗೆ ಬೀಡಿಯ ಕೆಮ್ಮೊಂದು ಸಿಕ್ಕಿಕೊಳ್ಳುತ್ತಿತ್ತು, ಅದು ಮಗನದಲ್ಲ. ತನ್ನ ದನಿಯನ್ನು ಹೊರಗಿನಿಂದ ಎಂದೂ ಕೇಳದ ಸಾಬಣ್ಣನಿಗೆ ಅದು ಹೇಗೆ ತಿಳಿಯಬೇಕು? ಕೊನೆಯ ದೀಪಾವಳಿಗೆ ಬಂದ ಮಾಳು ಹಟ್ಟಿಯ ಬದಿ ಮೊಬೈಲು ಹಿಡಿದು ಸಂಜೆಯೆಲ್ಲ ಕೂತದ್ದು, ತಲೆ ಎತ್ತಿ ನೋಡಲಿಲ್ಲವೆಂದು ಗಂಡ ಬೈದುಕೊಂಡದ್ದು ಈಗ ಅವಳಿಗೆ ನೆನಪಾಯಿತು.

ಹೇಳದಿದ್ದರೆ ಇವನಿಗೆ ಮಗನ ದನಿ ಉಳಿಯುತ್ತದೆ. ಹೇಳಿದರೆ ಎದೆ ಕೊರೆಯುವ ಆ ಹುಳ ಸಾಯುತ್ತದೆ. ಇನ್ನೊಂದು ಕೂಗು ಬಂದು ಮುಗಿಯಿತು. ಅಪ್ಪನಿಗಾಗಿ ಒಂದು ಕೋಣೆಯನ್ನೇ ಮಾಡಿಟ್ಟಿದ್ದಾನೆ ಕೂಸು, ಅಪ್ಪನಿಗೇ ತಿಳಿಯದಿದ್ದರೆ ಹೇಗೆ?

"ರೀ, ಅದು ಅವಂದಲ್ಲರಿ. ನಿಮ್ಮ ದನಿ. ದೀಪಾವಳಿಗಿ ಬಂದಾಗ ಮೊಬೈಲಿನ್ಯಾಗ ತುಂಬಿಕೊಂಡ ಹೋಗ್ಯಾನ. ಸಿಟ್ಟ ಇದ್ದಿದ್ರ ಹಿಂಗ ಮಾಡ್ತಿದ್ನೇನ್ರಿ?"

ಸಾಬಣ್ಣ ಅವಳ ಕೈ ಬಿಟ್ಟ. ಕೂಗು ಬಂತು, ಕೊನೆಗೆ ಆ ಕೆಮ್ಮೂ ಬಂತು. ಈ ಸಲ ಅವನಿಗೆ ಗುರುತು ಹತ್ತಿತು.

"ಸಿಟ್ಟ ಇರಲಿಲ್ಲಂತಿ?"

"ಇರಲಿಲ್ರಿ. ಇರಲೇ ಇಲ್ಲ."

ಅವನು ಗೋಡೆಗೆ ಕೈ ಊರಿದ. ಇನ್ನಾದರೂ ಮನಸಾರೆ ಅತ್ತು ಹಗುರಾಗಲಿ ಎಂದು ಸೋಮವ್ವ ಕಾದಳು. ಅವನು ಅಳಲಿಲ್ಲ.

"ಹಂಗಾದ್ರ ಅವನ ದನಿ ಎಲ್ಲೈತಿ, ಸೋಮೀ?" ಅಂದ.

ಸ್ಪೀಕರಿನೊಳಗಿನ ಸಾಬಣ್ಣ ಮತ್ತೆ ಕುರಿಗಳನ್ನು ಕರೆಯತೊಡಗಿದ.